ಅತ್ತೆಯವರ ಕಪಾಟಿನ ಬ್ರೆಡ್ಡು ಮತ್ತು ತಮ್ಮ ನೋಟಿಸು

ಮಾನ್ಯ ಶಿಕ್ಷಣಾಧಿಕಾರಿಗಳೇ,

ಬೂಸ್ಟು ಹಿಡಿದ ಬ್ರೆಡ್ಡಿನ ಮೇಲಿನ ಕೋಪವನ್ನು ದಯವಿಟ್ಟು ಬ್ರೆಡ್ಡಿನ ಮೇಲೆಯೇ ತೀರಿಸಿಕೊಳ್ಳಿ, ನನ್ನ ಮಗಳ ವಿಜ್ಞಾನದ ಟೀಚರ್ ಮೇಲೆ ಬೇಡ. ಕಳೆದ ವಾರ ತಾವು ಶಾಲೆಯ ತಪಾಸಣೆಗೆ ಬಂದಿರಿ. ಮಕ್ಕಳು ಮನೆಯಿಂದ ತಂದು ತರಗತಿಯ ಕಿಟಕಿಯಲ್ಲಿ ಸಾಲಾಗಿಟ್ಟಿದ್ದ ಬ್ರೆಡ್ ಚೂರುಗಳನ್ನು ಕಂಡು ಮೂಗು ಮುಚ್ಚಿಕೊಂಡು, ಅಷ್ಟನ್ನೂ ಕಸದ ಬುಟ್ಟಿಗೆ ಹಾಕಿಸಿದಿರಿ. ಹೋಗುವಾಗ ಟೀಚರ್ ಕೈಗೊಂದು ನೋಟಿಸು: ತರಗತಿಯಲ್ಲಿ ಕೊಳಕು, ಪಠ್ಯಪುಸ್ತಕದ ಕಡೆಗಣನೆ, ತಪ್ಪು ಮಾಹಿತಿಯ ಪ್ರದರ್ಶನ, ಸಮರ್ಪಕ ಉತ್ತರ ಬಾರದಿದ್ದರೆ ವರ್ಗಾವಣೆ. ಆ ತಪ್ಪು ಮಾಹಿತಿ ನಮ್ಮ ಮನೆಯದು. ಹಾಗಾಗಿ ಉತ್ತರ ಕೊಡಬೇಕಾದವಳೂ ನಾನೇ.

ನಡೆದದ್ದು ಇಷ್ಟು. ಬ್ರೆಡ್ ಎಲ್ಲಿಟ್ಟರೆ ಬೇಗ ಕೆಡುತ್ತದೆಂದು ಪುಸ್ತಕ ಒಂದೇ ಸಾಲಿನಲ್ಲಿ ಹೇಳಿ ಕೈತೊಳೆದುಕೊಂಡಿದೆ. ಟೀಚರ್ ಮಾತ್ರ, ಬೇರೆ ಬೇರೆ ಕಡೆ ಇಟ್ಟು ನೋಡಿಕೊಂಡು ಬನ್ನಿ ಎಂದರು. ಮಗಳು ಒಂದು ಚೂರನ್ನು ಬಚ್ಚಲುಮನೆಯಲ್ಲಿಟ್ಟಳು, ಒಂದನ್ನು ಅವಳಪ್ಪನ ಬೂಟಿನೊಳಗಿಟ್ಟಳು (ಅದರ ಫಲಿತಾಂಶವನ್ನು ಅವರು ಆಫೀಸಿಗೆ ಹೊರಟಾಗ ಕಾಲಿನಿಂದಲೇ ಕಂಡುಕೊಂಡರು), ಇನ್ನೊಂದನ್ನು ನಮ್ಮ ಅತ್ತೆಯವರ ಬಟ್ಟೆ ಕಪಾಟಿನಲ್ಲಿಟ್ಟಳು. ಬಚ್ಚಲಿನದು ಹಸಿರಾಯಿತು. ಬೂಟಿನದಕ್ಕೆ ಬಂದ ಬಣ್ಣಕ್ಕೆ ಹೆಸರಿಲ್ಲ. ಕಪಾಟಿನದು ಮಾತ್ರ ಎಷ್ಟು ದಿನವಾದರೂ ಆಗ ತಾನೇ ಬೇಕರಿಯಿಂದ ತಂದಂತಿತ್ತು! ‘ಅಜ್ಜಿಯ ಕಪಾಟಿನಲ್ಲಿ ಬ್ರೆಡ್ ಕೆಡುವುದಿಲ್ಲ’ ಎಂದು ಮಗಳು ದೊಡ್ಡ ಅಕ್ಷರದಲ್ಲಿ ಬರೆದು ತರಗತಿಯ ಗೋಡೆಗೆ ಅಂಟಿಸಿದಳು.

ತಾವಾಗಿದ್ದರೆ ಕೆಂಪು ಗೀಟೆಳೆದು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಿರಿ. ಟೀಚರ್, “ಹೌದಾ ಮರಿ? ಯಾಕೆ ಕೆಡಲ್ಲ ಅಂತ ನೀನೇ ಕಂಡುಹಿಡಿ ನೋಡೋಣ” ಎಂದರು. ಅಲ್ಲಿಂದ ಶುರುವಾಯಿತು ನಮ್ಮ ಮನೆಯ ಗ್ರಹಚಾರ. ಕಾರಣ ನುಸಿಗುಳಿಗೆಯೋ, ಅತ್ತೆಯವರ ಪೌಡರೋ, ಕಪಾಟಿನ ಮರವೋ ಎಂದು ಒಂದೊಂದನ್ನೇ ಪರೀಕ್ಷಿಸಿದಳು. ಕೊನೆಗೆ ಬ್ರೆಡ್ಡಿನ ಅಡಿಗೆ ಪೆನ್ನಿನಿಂದ ಒಂದು ಚುಕ್ಕೆ ಇಟ್ಟಳು. ಬೆಳಿಗ್ಗೆ ನೋಡಿದರೆ ಬ್ರೆಡ್ಡಿದೆ, ಚುಕ್ಕೆಯಿಲ್ಲ!

“ಅಜ್ಜೀ, ಬ್ರೆಡ್ ನೀನು ಬದಲಾಯಿಸ್ತಿದ್ದೀಯಾ?”

“ನಾನ್ಯಾಕೆ ಬದಲಾಯಿಸ್ಲಿ?”

“ಹಂಗಾದ್ರೆ ಚುಕ್ಕೆ ಎಲ್ಲಿ ಹೋಯ್ತು?”

ಅತ್ತೆಯವರು ಕಕ್ಕಾಬಿಕ್ಕಿ. “ಅಯ್ಯೋ, ಮತ್ತಿನ್ನೇನು ಮಾಡ್ಲಿ ಕಣೇ? ಅಜ್ಜಿ ಕಪಾಟಲ್ಲಿ ಬೂಸ್ಟು ಬಂತು ಅಂತ ನೀನು ಶಾಲೇಲಿ ಎಲ್ಲರ ಮುಂದೆ ಓದ್ತಿದ್ದೆ. ನನ್ನ ಮಾನ ಏನಾಗ್ಬೇಕು?”

ದಿನಾ ಎಲ್ಲರಿಗಿಂತ ಮೊದಲೆದ್ದು ಹೊಸ ಚೂರು ಇಡುತ್ತಿದ್ದರಂತೆ. ತಿಂಡಿಗೆ ಬ್ರೆಡ್ ಸಾಲುತ್ತಿಲ್ಲವೆಂದು ನಾನು ಅದುವರೆಗೆ ಸುಮ್ಮಸುಮ್ಮನೆ ಗಂಡನನ್ನು ಬೈಯುತ್ತಿದ್ದೆ.

ಮಾರನೆಯ ದಿನ ಮಗಳು ಗೋಡೆಯ ಹಾಳೆಯ ಕೆಳಗೆ, ‘ಮೇಲಿನದು ತಪ್ಪು. ಕಾರಣ: ಅಜ್ಜಿ’ ಎಂದು ಸೇರಿಸಿದಳು. ತಾವು ಮೇಲಿನ ಸಾಲು ಓದಿದಿರಿ, ಕೆಳಗಿನದನ್ನು ಬಿಟ್ಟಿರಿ. ಪ್ರಶ್ನೆಯನ್ನು ಅರ್ಧ ಓದಿ ಉತ್ತರ ಬರೆದರೆ ಮಕ್ಕಳಿಗೆ ಅಂಕ ಕಳೆಯುತ್ತೀರಲ್ಲ, ಅಧಿಕಾರಿಗಳಿಗೆ ಏನನ್ನು ಕಳೆಯಬೇಕು? “ಪುಸ್ತಕದಲ್ಲೇ ಉತ್ತರ ಇರುವಾಗ ಬ್ರೆಡ್ ಯಾಕ್ರೀ ಹಾಳು ಮಾಡ್ತೀರಿ?” ಎಂದು ಮಕ್ಕಳೆದುರೇ ಟೀಚರನ್ನು ಗದರಿದಿರಂತೆ. ತಾವು ಸೈಕಲ್ ಕಲಿತದ್ದು ಯಾವ ಪುಸ್ತಕದ ಎಷ್ಟನೇ ಪುಟದಿಂದ? ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಶಾಲೆಯ ಗೋಡೆಯ ಮೇಲೆ ಬರೆಸಿದವರು ತಾವೇ, ಮಕ್ಕಳ ಕೈ ಕೆಸರಾದ ಕೂಡಲೇ ನೋಟಿಸು ಕೊಡುವವರೂ ತಾವೇ. ತಪ್ಪೊಂದನ್ನು ಬರೆದು, ಅನುಮಾನಪಟ್ಟು, ಸ್ವಂತ ಅಜ್ಜಿಯನ್ನೂ ಬಿಡದೆ ಹಿಡಿದು, ತಾನೇ ತಿದ್ದಿಕೊಂಡ ಹುಡುಗಿ ವಿಜ್ಞಾನ ಕಲಿಯಲಿಲ್ಲವೆಂದರೆ ಇನ್ನೇನು ಕಲಿತಳು ಸ್ವಾಮಿ?

ತಮ್ಮ ಭೇಟಿಯ ನಂತರ ತರಗತಿ ಬಹಳ ಸ್ವಚ್ಛವಾಗಿದೆ. ಟೀಚರ್ ಪಾಠ ಓದುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ನನ್ನ ಮಗಳು ಬಲು ಒಳ್ಳೆಯವಳಾಗಿಬಿಟ್ಟಿದ್ದಾಳೆ, ಏನು ಹೇಳಿದರೂ “ಹೂಂ” ಅನ್ನುತ್ತಾಳೆ. ನನಗಂತೂ ಭಯವಾಗಿದೆ. ಮೊನ್ನೆ ಕೆಣಕಲೆಂದೇ, “ಸೂರ್ಯ ಸಂಜೆ ಮೇಲೆ ನಮ್ಮ ಬೀದಿ ಬೇಕರಿ ಒಲೇಲಿ ಮಲಗ್ತಾನೆ ಗೊತ್ತಾ?” ಎಂದೆ. ಜಗಳಕ್ಕೆ ಬರುತ್ತಾಳೆಂದು ಸೊಂಟಕ್ಕೆ ಕೈ ಕೊಟ್ಟು ಕಾದೆ.

“ಹೂಂ,” ಎಂದಳು. “ಬರ್ಕೋಬೇಕಾ ಅಮ್ಮ?”

ನೋಟಿಸನ್ನು ವಾಪಸು ತೆಗೆದುಕೊಳ್ಳಿ. ಇವತ್ತೇ.

ಇಂತಿ,
ರೈಲು ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಹಗಲೆಲ್ಲ ಊರವರ ಪ್ರಶ್ನೆಗಳಿಗೆ ಉತ್ತರಿಸಿ, ಮನೆಗೆ ಬಂದು ಒಂದೇ ಒಂದು ಪ್ರಶ್ನೆಗಾಗಿ ಕಾಯುತ್ತಿರುವ ತಾಯಿ