ವಾರ್ಡಿನ ಅಜ್ಜಿ ಹೊಳೆ ದಾಟಿದ್ದು

ಜಿಲ್ಲಾ ಆಸ್ಪತ್ರೆ, ಶೀರೆ ಹೊಳೆಯ ಈಚೆ ದಡ
ಮಾರ್ಚ್ ೨೧, ಮಂಗಳವಾರ

ಪ್ರೀತಿಯ ಅಮ್ಮಾ,

ನಿಮ್ಮ ಉಸಿರು ಹೇಗಿದೆ? ಮೊದಲು ಅದಕ್ಕೆ ಉತ್ತರ ಬರೆಯಿರಿ. ಅಣ್ಣನ ಮಗುವಿನ ಮೂಗು ಯಾರ ಕಡೆಯದು ಎಂಬ ವಿಚಾರ ಆಮೇಲೆ. ಕ್ಷಯದ ವಾರ್ಡಿನಲ್ಲಿ ಮುಪ್ಪಾಗುವವರೆಗೆ ದುಡಿದು ಸಂಪಾದಿಸಿದ ಶ್ವಾಸಕೋಶ ನಿಮ್ಮದು. ಅಣ್ಣನ ಊರು ಮ್ಜುಜುವಿನ ಚಳಿಯಲ್ಲಿ ಬೆಳಗಿನ ಹೊತ್ತು ಹೊರಗೆ ಕೂರಬೇಡಿ. ಅಲ್ಲಿನ ಆಸ್ಪತ್ರೆಯವರು ಮನೆಗೆ ಕೊಟ್ಟ ಆಮ್ಲಜನಕದ ಯಂತ್ರವನ್ನು “ಸದ್ದು ಮಾಡತ್ತೆ, ಮಗು ಏಳತ್ತೆ” ಎಂದು ಆರಿಸಿಬಿಡುತ್ತೀರಂತೆ. ಅತ್ತಿಗೆ ಚಾಡಿ ಹೇಳಿದರು. ಎದ್ದ ಮಗು ಮತ್ತೆ ಮಲಗುತ್ತದೆ ಅಮ್ಮಾ. ಬಾಣಂತನ ಮಾಡಲು ಹೋದವರೇ ಬಾಣಂತನ ಮಾಡಿಸಿಕೊಳ್ಳಬೇಡಿ.

ಇಲ್ಲಿ ಬಿರುಗಾಳಿ ಹೋಗಿದೆ, ನೀರು ಹೋಗಿಲ್ಲ. ನಮ್ಮ ಮನೆಯ ತಗಡು ಪಕ್ಕದವರ ಮಾವಿನ ಮರದ ಮೇಲಿದೆ, ಅವರ ಕೋಳಿಗಳು ನಮ್ಮ ಅಡುಗೆಮನೆಯಲ್ಲಿವೆ. ಇಬ್ಬರೂ ಸದ್ಯಕ್ಕೆ ಸುಮ್ಮನಿದ್ದೇವೆ. ಸೇತುವೆ ನಡುವೆ ಮುರಿದು, ಆಚೆ ದಡದ ಮಿಷನ್ ಆಸ್ಪತ್ರೆಗೆ ದೋಣಿಯೊಂದೇ ದಾರಿ. ನನ್ನ ಕೆಲಸ ನಿಮಗೆ ಗೊತ್ತಲ್ಲ, ಬೆಳಿಗ್ಗೆ ರೇಡಿಯೋ ಮುಂದೆ ಕೂತು ಮಿಷನ್ನಿನವರನ್ನು, ಚಹಾ ತೋಟದ, ಕಬ್ಬಿನ ತೋಟದ ಆಸ್ಪತ್ರೆಗಳವರನ್ನು ಕರೆಯುವುದು. ಯಾರಲ್ಲಿ ರಕ್ತವಿದೆ, ಯಾರಲ್ಲಿ ಹಾಸಿಗೆ ಖಾಲಿಯಿದೆ, ಯಾರಲ್ಲಿ ತುಂಬಿದ ಆಮ್ಲಜನಕದ ಸಿಲಿಂಡರ್ ಇದೆ ಎಂದು ಕೇಳಿ, ಇದ್ದವರಿಂದ ಇಲ್ಲದವರಿಗೆ ಸಾಗಿಸುವುದು. ಶುರುವಿಗೆ ನನ್ನದೊಂದು ಪ್ರಾಸ: “ಇದ್ದರೆ ಇದೆ ಅನ್ನಿ, ಇಲ್ಲದಿದ್ದರೆ ಇಲ್ಲ ಅನ್ನಿ, ಬಚ್ಚಿಟ್ಟಿದ್ದರೆ ಮೆಲ್ಲ ಅನ್ನಿ!” ಎಲ್ಲರೂ ನಗುತ್ತಾರೆ. ಯಾರೂ ಮೆಲ್ಲಗೆ ಕೂಡ ಅನ್ನುವುದಿಲ್ಲ.

ಅನ್ನದಿರುವುದನ್ನು ಕಲಿಸಿದವರೇ ನೀವು. ಎಂದೋ ನೀವು ಎರವಲು ಕೊಟ್ಟ ಸಿಲಿಂಡರ್ ಹಿಂದಿರುಗಲಿಲ್ಲ, ಅದನ್ನು ನಂಬಿ ಮಲಗಿದ್ದ ನಿಮ್ಮ ರೋಗಿ ಮನೆಗೆ ಹಿಂದಿರುಗಲಿಲ್ಲ. ಅಂದಿನಿಂದ ಇಲ್ಲಿನ ನಿಮ್ಮ ವಾರ್ಡಿನಲ್ಲಿ ತುಂಬಿದ ಸಿಲಿಂಡರೊಂದು ನಿಮ್ಮ ಸೊಂಟದ ಚಿಟೆಂಜೆ ಬಟ್ಟೆ ಸುತ್ತಿಕೊಂಡು ಒಗೆಯುವ ಕೋಣೆಯ ಮೂಲೆ ಸೇರಿತು. ಕೇಳಿದವರಿಗೆ ಮೈಲಿಗೆ ಬಟ್ಟೆಯ ಗಂಟು. ನೀವು ಅದಕ್ಕಿಟ್ಟ ಹೆಸರು ಅಜ್ಜಿ. “ಮನೇಲಿರೋದನ್ನೆಲ್ಲಾ ಕೊಡಿ ಕಣ್ರೇ, ಅಜ್ಜೀನ ಮಾತ್ರ ಎರವಲು ಕೊಡಬೇಡಿ,” ಎನ್ನುತ್ತಿದ್ದಿರಿ. ನಿಮ್ಮ ಕೈಕೆಳಗೆ ಪಳಗಿದವರೇ ಇಂದು ಎಲ್ಲ ಆಸ್ಪತ್ರೆಗಳಲ್ಲೂ ಹಿರಿಯರು. ಹಾಗಾಗಿ ಎಲ್ಲ ಕಡೆಯೂ ಒಬ್ಬ ಅಜ್ಜಿ, ಎಲ್ಲರ ಬಾಯಲ್ಲೂ ಇಲ್ಲ. ನಮ್ಮ ಅಜ್ಜಿಯನ್ನು ಯಾರಿಗೆಂದು ಇಟ್ಟಿದ್ದೆನೆಂದು ನಿಮಗೆ ತಿಳಿದೇ ಇದೆ. ಈಸ್ಟರಿಗೆ ನೀವು ಬಂದಾಗ, ನಿಮ್ಮ ಯಂತ್ರಕ್ಕೆ ಈ ಊರಿನ ಕರೆಂಟನ್ನು ನಂಬಿ ನಿಮ್ಮನ್ನು ಮಲಗಿಸುವ ಧೈರ್ಯ ನನಗಿಲ್ಲ. ವಾರ್ಡಿನವರೂ, “ನಮ್ಮ ದೊಡ್ಡಮ್ಮನಿಗೆ ತಾನೇ, ಇರಲಿ ಬಿಡಿ,” ಎಂದಿದ್ದರು.

ಕಳೆದ ಗುರುವಾರ ಬೆಳಿಗ್ಗೆ ಮಿಷನ್ನಿನ ಸಿಸ್ಟರ್ ಎಡಿತಾ ರೇಡಿಯೋದಲ್ಲಿ ಬಂದರು. ಹೊಳೆಯಲ್ಲಿ ಮುಳುಗಿ ನೀರು ಕುಡಿದ ಮೂರು ಮಕ್ಕಳು ಒಂದೇ ಸಿಲಿಂಡರಿಗೆ ಕೊಳವೆ ಹಂಚಿಕೊಂಡು ಮಲಗಿವೆ, ಅದೂ ಸಂಜೆಯವರೆಗೆ ಬರುವುದಿಲ್ಲ ಎಂದರು. ನಾನು ಕರೆದೆ. ಚಹಾ ತೋಟದ ಕಚಿಂಗ್ವೆ, “ತಂಗೀ, ನಮ್ಮ ಸಿಲಿಂಡರು ಬಡಿದ್ರೆ ಚರ್ಚಿನ ಗಂಟೆ ಥರ ಕೇಳತ್ತೆ, ಅಷ್ಟು ಖಾಲಿ,” ಎಂದರು. ಕಬ್ಬಿನ ತೋಟದ ಮೇಟ್ರನ್, “ಸಕ್ಕರೆ ಬೇಕಾ? ಚೀಲಗಟ್ಟಲೆ ಕಳಿಸ್ತೀನಿ,” ಎಂದರು. ಕೊನೆಗೆ ನಮ್ಮ ಆಸ್ಪತ್ರೆಯ ಸರದಿ ಬಂದಾಗ ನಾನೂ ಇಲ್ಲ ಎಂದೆ. ಪ್ರಾಸ ಕಟ್ಟಿದವಳೇ ಅಂದೆ. “ಆಗಲಿ, ಪ್ರಾರ್ಥನೆ ಮಾಡ್ತೀವಿ,” ಎಂದರು ಎಡಿತಾ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಧ್ಯಾಹ್ನ ನ್ಸಿಮಾ ಮುದ್ದೆ ಮುಂದಿಟ್ಟುಕೊಂಡೆ, ತಟ್ಟೆ ಪಕ್ಕಕ್ಕೆ ಸರಿಸಿದೆ. ಎದ್ದು ಹೋಗಿ ರೇಡಿಯೋ ಗುಂಡಿ ಒತ್ತಿದೆ. “ಎಲ್ಲರೂ ಕೇಳಿಸ್ಕೊಳ್ಳಿ. ನಮ್ಮನೆ ಅಜ್ಜಿ ಎದ್ದಿದ್ದಾಳೆ. ಹೊಳೆ ದಾಟಿಸ್ತಾ ಇದೀನಿ.” ಮೊದಲು ಮಾತಾಡಿದವರು ಕಚಿಂಗ್ವೆ: “ನಮ್ಮಲ್ಲೂ ಒಬ್ಬಳಿದ್ದಾಳೆ ತಾಯೀ. ಸ್ವಲ್ಪ ಕಿವುಡಿ. ಬೆಳಿಗ್ಗೆ ನೀನು ಕರೆದದ್ದು ಕೇಳಿಸಿರಲಿಲ್ಲ.” ಕಬ್ಬಿನ ತೋಟದ ಮೇಟ್ರನ್ ನಗಲಿಲ್ಲ. “ನನ್ನತ್ರ ಇಬ್ಬರು,” ಎಂದಷ್ಟೇ ಅಂದು ಲಾರಿ ಹತ್ತಿಸಿದರು.

ನಮ್ಮದನ್ನು ನಿಮ್ಮ ನೀಲಿ ಚಿಟೆಂಜೆಯ ಸಮೇತವೇ ಹೊರಿಸಿಕೊಂಡು ದಡಕ್ಕೆ ಹೋದೆ. ಬಟ್ಟೆ ಸುತ್ತಿದ್ದನ್ನು ನೋಡಿ ದೋಣಿಯವರು ಟೋಪಿ ತೆಗೆದರು. ಈ ದಿನಗಳಲ್ಲಿ ಹಾಗೆ ಸುತ್ತಿ ಬರುವುದು ಒಂದೇ. “ಟೋಪಿ ಹಾಕ್ಕೊಳ್ರಪ್ಪಾ, ಇದು ಬದುಕಿರೋರಿಗೆ,” ಎಂದೆ. ಅವರು ಹುಟ್ಟು ಹಾಕಿದ ರಭಸ ನೀವು ನೋಡಬೇಕಿತ್ತು.

ಎರಡು ಮಕ್ಕಳು ಉಳಿದವು. ಈಗ ಗಂಜಿ ಬೇಡವೆಂದು ರಂಪ ಮಾಡುವಷ್ಟು ಚೆನ್ನಾಗಿವೆ. ಮೂರನೆಯವಳು ಎನಲೆಸಿ. ಆಚೆ ದಡದ ಸಂತೆಯಲ್ಲಿ ಮಂದಾಸಿ ಉಂಡೆ ಕರಿದು ಮಾರುವವಳು, ನಿಮಗೆ ಯಾವಾಗಲೂ ಒಂದು ಹೆಚ್ಚಿಗೆ ಹಾಕುತ್ತಿದ್ದಳಲ್ಲ, ಅವಳ ಮಗಳು. ದೋಣಿ ದಡ ಮುಟ್ಟುವ ಮುಂಚೆಯೇ ಹೋಗಿಬಿಟ್ಟಳು. ಬೆಳಿಗ್ಗೆಯೇ ಹೊರಟಿದ್ದರೆ ಏನಾಗುತ್ತಿತ್ತೋ ಯಾರಿಗೆ ಗೊತ್ತು ಎಂದರು ಎಡಿತಾ. ಅವರು ಒಳ್ಳೆಯವರು. ಅದಕ್ಕೇ ಹಾಗೆಂದರು. ಮಣ್ಣಿಗೆ ಹೋಗಿದ್ದೆ. ಆ ತಾಯಿ ನನ್ನ ಕೈ ಹಿಡಿದು, ಕಳಿಸಿದ್ದಕ್ಕೆ ಉಪಕಾರವಾಯಿತು ಎಂದಳು. ಅಮ್ಮಾ, ಅದಕ್ಕೆ ಏನು ಹೇಳಬೇಕಿತ್ತು?

ಈಗ ಬೆಳಗಿನ ಕರೆಯಲ್ಲಿ ರಕ್ತ, ಹಾಸಿಗೆ, ಸಿಲಿಂಡರ್ ಕೇಳಿದ ಮೇಲೆ, “ಅಜ್ಜಿ?” ಎಂದೂ ಕೇಳುತ್ತೇನೆ. ಎಲ್ಲರೂ ಹೇಳುತ್ತಾರೆ. ನಮ್ಮ ಸರದಿಗೆ, “ಊರಿಗೆ ಹೋಗಿದ್ದಾಳೆ,” ಎನ್ನುತ್ತೇನೆ.

ಅಣ್ಣ ಅತ್ತಿಗೆಗೆ ನನ್ನ ನೆನಪುಗಳು, ಹೊಸ ಮೂಗಿಗೊಂದು ಮುತ್ತು. ದೇವರು ನಿಮ್ಮ ಒಂದೊಂದು ಉಸಿರನ್ನೂ ಕಾಯಲಿ.

ನಿಮ್ಮ ಮಗಳು,
ತಿಯಂಜಾನೆ

ಮರೆತಿದ್ದೆ: ಈ ಕಾಗದ ಒಯ್ಯುವ ಲಾರಿಯವನು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಮರೆತದ್ದಲ್ಲ, ಬರೆಯಲಾಗಲಿಲ್ಲ. ಈಸ್ಟರಿಗೆ ಬರಬೇಡಿ. ಕಟ್ಟಿಟ್ಟ ಚೀಲ ಬಿಚ್ಚಿಬಿಡಿ. ಆ ಸಿಲಿಂಡರ್ ಖಾಲಿಯಾಗಿದೆ, ತುಂಬಿಸಲು ಸೇತುವೆ ಆಗಬೇಕು. ಇನ್ನುಳಿದ ಅಜ್ಜಿಯರನ್ನು ನಿಮಗೆಂದು ನಾನು ಕೇಳಲಾರೆ, ನೀವೂ ಕೇಳಬೇಡಿ. ನನ್ನ ಜಾಗದಲ್ಲಿ ನೀವಿದ್ದರೆ ಕೊಡುತ್ತಿದ್ದಿರೋ ಇಲ್ಲವೋ, ಅದನ್ನು ಬರೆಯಬೇಡಿ. ಅಣ್ಣನ ಮನೆಯಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆ, ಅದನ್ನು ಬರೆಯಿರಿ. ಇದ್ದದ್ದು ಇದ್ದಂತೆ ಬರೆಯಿರಿ.