ಹಿಂದೆ ನಿಂತವರು

ಕಗ್ಗದಾಸಪುರ,
ಬೆಳಗಿನ ಜಾವ ಮೂರೂ ಹತ್ತು

ಶ್ರೀರಾಮಪ್ಪ ಮಾಸ್ಟರ್‌ಗೆ ನಮಸ್ಕಾರ.

ಕಬ್ಬಿಣ ನೆಲಕ್ಕೆ ತಾಗಿದ ಸದ್ದಿಗೆ ಎಚ್ಚರವಾಯಿತು. ನೀವು ಫೋನ್ ಎತ್ತಲಿಲ್ಲ, ಅದಕ್ಕೆ ವಾಟ್ಸಾಪಿನಲ್ಲಿ ಬರೆಯುತ್ತಿದ್ದೇನೆ.

ಮುಂದಿನ ಕೋಣೆಯಲ್ಲಿ ನನ್ನ ಗಂಡ ಮಧುಕರ್ ಒಬ್ಬರೇ ಭಾರ ಎತ್ತುತ್ತಿದ್ದರು. ಬೆನ್ನುಮೂಳೆಯ ಡಿಸ್ಕ್ ಜರುಗಿದೆ, ಹತ್ತು ಕಿಲೋ ದಾಟಬಾರದು ಎಂದು ಡಾಕ್ಟರ್ ಹೇಳಿದ್ದಾರೆ. ಹೊಸ ಜಿಮ್ಮಿನ ಹುಡುಗರು ಅಂಕಲ್ ಅಂದದ್ದೇ ಇವರಿಗೆ ನೆಪ.

"ಹಿಂದೆ ಯಾರೂ ಇಲ್ದೆ ಎತ್ಬಾರ್ದು ಅಂತ ಮಾಸ್ಟರ್ ಹೇಳಿರ್ಲಿಲ್ವಾ?" ಅಂದೆ.

"ಮಾಸ್ಟರೇ ನಿಂತಿದ್ದಾರಲ್ಲ ಕಣೇ. ಆರು ಗಂಟೆಗೆ ನೂರನಲವತ್ತು ಕಿಲೋ ಎತ್ತಿಸ್ತಾರಂತೆ," ಅಂದರು, ತಿರುಗದೆ.

ನೀವು ಇವರಿಗೆ ಕಲಿಸಿದ ಹಲಸೂರಿನ ಗರಡಿ ಮುಚ್ಚಿ ಕೆ.ಆರ್. ಪುರದ ಮಗಳ ಮನೆಯಲ್ಲಿದ್ದೀರಿ, ಗೊತ್ತು. ಆದರೂ ತೊಟ್ಟಿಲಿನಲ್ಲಿದ್ದ ನಮ್ಮ ಕೂಸು ಅವರ ಬೆನ್ನ ಹಿಂದಕ್ಕೇ ನೋಡಿ ನಗುತ್ತಿತ್ತು. ಆಮೇಲೆ ನಿಮ್ಮದೇ ದನಿ ನನಗೂ ಕೇಳಿಸಿತು: "ಇನ್ನೊಂದು, ಇನ್ನೊಂದು."

ನಾನು ಹೆದರಿದ್ದು ಆ ಮಾತಿಗೆ. ಗರಡಿಗೆ ಇವರ ಊಟದ ಡಬ್ಬಿ ತಂದಾಗಲೆಲ್ಲ ಕೇಳಿದ್ದೇನೆ, ನೀವು ಒಮ್ಮೆಯೂ "ಇನ್ನೊಂದು" ಎಂದವರಲ್ಲ. "ಸಾಕು ಮಗಾ, ಇಳಿಸು. ಎಂಬತ್ತು ವರ್ಷಕ್ಕೂ ಎತ್ಬೇಕು" ಅನ್ನುತ್ತಿದ್ದಿರಿ.

ಅಟ್ಟದ ಮೇಲಿನ ಭಾರದ ಪ್ಲೇಟುಗಳನ್ನೂ ಈಗ ಇಳಿಸಿಕೊಂಡರು. ಮಾಸ್ಟರ್, ಆರರೊಳಗೆ ದಯವಿಟ್ಟು ಫೋನ್ ಮಾಡಿ, ಸ್ಪೀಕರಿಗೆ ಹಾಕುತ್ತೇನೆ. ಒಂದೇ ಸಲ "ಸಾಕು, ಇಳಿಸು" ಅನ್ನಿ. ಅವರ ಹಿಂದೆ ನಿಂತಿರುವುದಕ್ಕೂ ಕೇಳಿಸಲಿ.

ನಿಮ್ಮ ದನಿಗೆ ಕಾಯುತ್ತಿರುವ,
ಪೂಜಿತಾ