ಹನ್ನೊಂದು ಹೆಂಗಸರ ಭಾನುವಾರ

ನವೆಂಬರ್ 5, ಬುಧವಾರ. ಬೆಳಿಗ್ಗೆ 5.40

ರೇಷ್ಮೆ ನೂಲು ತೆಗೆಯುವ ಫಿಲೇಚರಿಗೆ ಹೊರಡಲು ಹತ್ತು ನಿಮಿಷ ಇದೆ. ಬರೆದಿಡುತ್ತೇನೆ, ಮರೆತುಹೋಗಬಾರದು.

ಹೋದ ಯುಗಾದಿಗೆ ಮಾಲೀಕ ಅನಂತರಾಜು ನಮ್ಮ ಹನ್ನೊಂದೂ ಜನರ ಎದುರು ನಿಂತು ಕೊಟ್ಟ ಮಾತು —

ವಾರಕ್ಕೊಂದು ದಿನ ರಜೆ. ಕೊಡಲಿಲ್ಲ.
ಕುದಿನೀರಿಗೆ ಕೈ ಅದ್ದಿ ಬೆರಳು ಬಿರಿದವರಿಗೆ ಮುಲಾಮು. ಬರಲಿಲ್ಲ.
ಹೆಂಗಸರಿಗೆ ಬೇರೆ ಕಕ್ಕಸು. ಗೋಡೆ ಎದ್ದಿದೆ, ಬಾಗಿಲಿಲ್ಲ.
ದಸರಾ ಮುಗಿದ ಮೇಲೆ ಎಲ್ಲರಿಗೂ ವ್ಯಾನ್ ಮಾಡಿ ಬೆಂಗಳೂರು ಟೂರ್. ವ್ಯಾನ್ ಹೋಯಿತು. ಒಳಗೆ ಅವನ ಬೀಗರು ಕೂತಿದ್ದರು.

ಕೊನೆಯದಕ್ಕೆ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಟೂರು ಕೂಡ ಒಂದು ಬೇಡಿಕೆಯೇ? ನಿನ್ನೆ ಸಂಘದ ಸಭೆಯಲ್ಲಿ ಕೆಂಚಮ್ಮ ಎದ್ದಳು. ಕೂಟಗಲ್ಲಿನವಳು. ಮೂವತ್ತೊಂದು ವರ್ಷದಿಂದ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದಾಳೆ. ನಮಗೆಲ್ಲ ಹಿರಿಯಳು.

"ಗಂಗವ್ವ, ನಿನ್ ಜೊತೆ ನಾನು ಬೆಂಗ್ಳೂರಿಗೆ ಎಷ್ಟ್ ಸಲ ಬಂದಿವ್ನಿ?"

"ಹನ್ನೆರಡು ಸಲ."

"ಏನೇನ್ ನೋಡಿವ್ನಿ?"

"ಫ್ರೀಡಂ ಪಾರ್ಕು."

"ಪಾರ್ಕು ಅಂತೀಯ. ಒಂದ್ ಹೂವ ತೋರ್ಸಿದ್ದೀಯ ನಂಗೆ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಾನೇ ಧರಣಿಗೆಂದು ಇಪ್ಪತ್ಮೂರು ಸಲ ಹೋಗಿದ್ದೇನೆ. ಡಾಂಬರು, ಬ್ಯಾರಿಕೇಡು, ಪೊಲೀಸ್ ವ್ಯಾನಿನ ಸೀಟು. ಅಷ್ಟೇ ನನ್ನ ಬೆಂಗಳೂರು.

ನವೆಂಬರ್ 12, ಬುಧವಾರ. ಸಂಜೆ 6

ತೀರ್ಮಾನ ಆಯಿತು. 16ನೇ ತಾರೀಕು ಭಾನುವಾರ ರಜೆ. ಕೇಳುವುದಿಲ್ಲ — ತೆಗೆದುಕೊಳ್ಳುತ್ತೇವೆ. ತೆಗೆದುಕೊಂಡು ಬೆಂಗಳೂರು ನೋಡುತ್ತೇವೆ. ಮೆರವಣಿಗೆ ಇಲ್ಲ, ಮನವಿ ಇಲ್ಲ, ಘೋಷಣೆ ಇಲ್ಲ. ಕೆಂಚಮ್ಮ ನನ್ನ ಕೈಯಲ್ಲಿ ಆಣೆ ಮಾಡಿಸಿಕೊಂಡಳು. ಬಾವುಟವನ್ನೂ ತರುವಂತಿಲ್ಲ!

ಆಯಿಷಾ ಒಬ್ಬಳೇ ನೇರವಾಗಿ ಕೇಳಿದ್ದು: "ಅಕ್ಕಾ, ಸೋಮವಾರ ಗೇಟ್ ತೆಗೀಲಿಲ್ಲ ಅಂದ್ರೆ?"

ತೆಗೆಯದಿದ್ದರೆ ಹನ್ನೊಂದು ಮನೆಯ ಒಲೆ ಆರುತ್ತದೆ. ಅದನ್ನು ಬಾಯಿಬಿಟ್ಟು ಹೇಳಿದೆ. ಸುಳ್ಳು ಧೈರ್ಯ ಕೊಡಲಿಲ್ಲ. ಆಮೇಲೆ ಕೈ ಎತ್ತಿಸಿದೆ. ಹನ್ನೊಂದೂ ಕೈ ಎದ್ದವು. ಆಯಿಷಾಳದ್ದು ಕೊನೆಗೆ, ಆದರೆ ಎಲ್ಲಕ್ಕಿಂತ ಮೇಲೆ.

ಭಾನುವಾರ ಕೆಲಸಕ್ಕೆ ಬರುವುದಿಲ್ಲವೆಂದು ಎರಡು ಸಾಲಿನ ಪತ್ರ ಬರೆದು ಅನಂತರಾಜು ಕೈಗೆ ಕೊಟ್ಟೆ. ಓದದೆ ಜೇಬಿಗಿಟ್ಟುಕೊಂಡ. ಸಂಘದ ಕಾಗದ ಅಂದರೆ ಅವನಿಗೆ ಹಾಗೆಯೇ.

ನವೆಂಬರ್ 16, ಭಾನುವಾರ. ಬೆಳಿಗ್ಗೆ 7.50, ಟ್ರೈನಿನಲ್ಲಿ

ಅಕ್ಷರ ಕುಣಿಯುತ್ತಿವೆ. ನಾನೂ.

ಎಲ್ಲರೂ ಬಂದಿದ್ದಾರೆ! ಪೆಟ್ಟಿಗೆಯ ಸೀರೆ, ಮುಡಿ ತುಂಬ ಕನಕಾಂಬರ. ಬಿಡದಿ ದಾಟುವಾಗ ಆಯಿಷಾ ಅತ್ತರಿನ ಸೀಸೆ ತೆಗೆದಳು. ಬೆಂದ ಹುಳದ ವಾಸನೆ ನಮ್ಮ ಮೈಗೆ ಅಂಟಿದ್ದು, ಯಾವ ಸೋಪಿಗೂ ಬಗ್ಗದು. ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುವುದು ನಮಗೆ ಹೊಸದಲ್ಲ.

"ಇವತ್ತು ಯಾರ್ ಮೂಗು ಮುಚ್ಕೊಳ್ತಾರೋ ನಾನೂ ನೋಡ್ತೀನಿ" ಎಂದು ಒಬ್ಬೊಬ್ಬರ ಕತ್ತಿಗೂ ಹಚ್ಚುತ್ತ ಬಂದಳು.

ಕೆಂಚಮ್ಮ ಕತ್ತು ಮುಂದೆ ಚಾಚಿದಳು. "ನಂಗೆ ಒಸಿ ಜಾಸ್ತಿ ಹಾಕವ್ವ. ಮೂವತ್ತೊಂದು ವರ್ಷದ್ದು ಐತೆ."

ಬೆಳಿಗ್ಗೆ 11.15, ಲಾಲ್‌ಬಾಗ್

ಮೊದಲು ಮೆಟ್ರೋ ಬರೆಯಬೇಕು. ಮೆಜೆಸ್ಟಿಕ್ಕಿನಲ್ಲಿ ಹತ್ತಿದೆವು. ರೈಲು ಎಲ್ಲಿಗೆ ಹೋಗುತ್ತದೆಂದು ಮೈಕಿನಲ್ಲಿ ಹೇಳಿತು — ರೇಷ್ಮೆ ಸಂಸ್ಥೆ ಕಡೆಗೆ. ಕೆಂಚಮ್ಮ ಹೌಹಾರಿದಳು: "ಅಯ್ಯೋ, ಬುಟ್ಟು ಬಂದ್ರೂ ಬುಡಲ್ವಲ್ಲೇ ಇದು! ಇಳ್ಸು, ಇಳ್ಸು!" ಡಬ್ಬಿಯಲ್ಲಿದ್ದವರೆಲ್ಲ ಮೊಬೈಲಿನಿಂದ ತಲೆ ಎತ್ತಿ ನಕ್ಕರು. ನಮ್ಮನ್ನು ನೋಡಿ ಅಲ್ಲ, ನಮ್ಮ ಜೊತೆ. ಎಷ್ಟು ವ್ಯತ್ಯಾಸ!

ಲಾಲ್‌ಬಾಗ್... ಏನು ಬರೆಯಲಿ. ನಾಲ್ಕು ಜನ ತಬ್ಬಿದರೂ ಕೈಗೆ ಸಿಗದ ಮರ. ಗಾಜಿನ ಮನೆ. ಅದರ ಮುಂದೆ ನವ್ಯಶ್ರೀ ನಮ್ಮ ಮೂವತ್ತು ಫೋಟೋ ತೆಗೆದಳು. ನಮ್ಮಲ್ಲಿ ಚಿಕ್ಕವಳು, ಡಿಗ್ರಿ ಮುಗಿಸಿ ಗೂಡು ಬೇಯಿಸುವ ಬೇಸಿನ್ನಿಗೆ ಬಂದವಳು. ಬಂಡೆಯ ಹತ್ತಿರ ಬೋರ್ಡಿದೆ — ಕೋಟಿಗಟ್ಟಲೆ ವರ್ಷ ಹಳೆಯದಂತೆ. ರಾಮನಗರದವರಿಗೆ ಬಂಡೆ ತೋರಿಸುವುದೇ! "ಇಷ್ಟುದ್ದ ಕಲ್ಲಿಗೆ ಬೇಲಿ ಬ್ಯಾರೆ" ಅಂದಳು ಕೆಂಚಮ್ಮ. ಆದರೆ ಮೇಲೆ ಹತ್ತಿ ನಿಂತಲ್ಲೇ ಒಂದು ಸುತ್ತು ತಿರುಗಿ ನೋಡಿದಳು. ಈ ಊರಿನಲ್ಲಿ ಬ್ಯಾರಿಕೇಡ್ ಇಲ್ಲದ ಆಕಾಶ ನಾವು ನೋಡಿದ್ದು ಇದೇ ಮೊದಲು.

ಆಮೇಲೆ ನಡೆದದ್ದು ಬರೆದರೆ ನನಗೇ ನಗು.

ಎಂಟು ವರ್ಷದಿಂದ ಇವರಿಗೆಲ್ಲ ನಾನೇ ಕೊಟ್ಟ ತರಬೇತಿ: ಪೊಲೀಸ್ ಸೀಟಿ ಊದಿದರೆ ಓಡಬಾರದು. ಇದ್ದಲ್ಲೇ ಕೂರಬೇಕು. ತೋಳಿಗೆ ತೋಳು ಕೊಂಡಿ ಹಾಕಬೇಕು. ಮನೆಯಂಗಳದಲ್ಲಿ, ಸಂಘದ ಕೋಣೆಯಲ್ಲಿ, ನೂರು ಸಲ ಮಾಡಿಸಿದ್ದೇನೆ.

ಗೊತ್ತಿಲ್ಲದೆ ಹುಲ್ಲುಹಾಸಿನ ಮೇಲೆ ಕಾಲಿಟ್ಟೆವು. ದೂರದಿಂದ ವಾಚ್‌ಮನ್ ಸೀಟಿ ಊದಿದ.

ದಪ್! ಹನ್ನೊಂದೂ ಜನ ಕೂತುಬಿಟ್ಟೆವು. ತೋಳಿಗೆ ತೋಳು ಕೊಂಡಿ. ನಾನೂ!

ಆ ಮನುಷ್ಯ ಓಡಿ ಬಂದ. "ಏಳ್ರಮ್ಮಾ! ಹುಲ್ಲು ತುಳೀಬೇಡಿ ಅಂದ್ರೆ ಅದ್ರ ಮೇಲೇ ಕೂತ್ಬಿಟ್ರಲ್ಲ!"

"ಏಳಲ್ಲ!" ಎಂದಳು ನವ್ಯಶ್ರೀ. ಅಭ್ಯಾಸ.

ಅವನು ತಲೆ ಕೆರೆದುಕೊಂಡ. "ಏನ್ರಮ್ಮಾ ನಿಮ್ ಬೇಡಿಕೆ?"

ನಾವು ಮುಖ ಮುಖ ನೋಡಿಕೊಂಡೆವು. ಎಂಟು ವರ್ಷದಲ್ಲಿ ಮೊದಲ ಸಲ ನಮ್ಮ ಹತ್ತಿರ ಬೇಡಿಕೆಯೇ ಇರಲಿಲ್ಲ. ಕೆಂಚಮ್ಮ ಗಂಭೀರವಾಗಿ ಹೇಳಿದಳು: "ಐಸ್‌ಕ್ರೀಮು."

ಅವನೂ ನಗುತ್ತ ಕೂತುಬಿಟ್ಟ. ಕಾಲೇಜು ಹುಡುಗಿಯೊಬ್ಬಳು ಎಲ್ಲವನ್ನೂ ವಿಡಿಯೋ ಮಾಡಿ ನವ್ಯಶ್ರೀಗೆ ಕಳಿಸಿದಳು. ನವ್ಯಶ್ರೀ ಅದನ್ನು ಸ್ಟೇಟಸ್ಸಿಗೆ ಹಾಕಿಕೊಂಡಳು.

ಮಧ್ಯಾಹ್ನ 1.40, ದೋಸೆ ಹೋಟೆಲಿನ ಬೆಂಚು

ಹೆಸರು ಬರೆಸಿ ಕಾಯುತ್ತಿದ್ದೇವೆ. ತುಪ್ಪದ ಪರಿಮಳ ಬೀದಿಯ ತನಕ.

ಅನಂತರಾಜು ಫೋನ್ ಬಂತು. ವಿಡಿಯೋ ರಾಮನಗರ ಮುಟ್ಟುವಷ್ಟರಲ್ಲಿ 'ಲಾಲ್‌ಬಾಗಿನಲ್ಲಿ ರೇಷ್ಮೆ ಹೆಂಗಸರ ಧರಣಿ' ಆಗಿದೆ. ಸ್ಪೀಕರಿಗೆ ಹಾಕಿದೆ.

"ಏನಮ್ಮಾ ಗಂಗಲಕ್ಷ್ಮಮ್ಮ, ಅಲ್ಲೋಗಿ ನನ್ ಮಾನ ಕಳೀತಿದ್ದೀರ? ಧರಣಿ ಎತ್ಬುಡಿ. ಭಾನುವಾರದ ರಜಾ ತಾನೆ? ಕೊಡಾಣ. ಮೊದ್ಲು ಎದ್ಬನ್ನಿ."

ಕೊಡಾಣ! ಎಂಟು ತಿಂಗಳು ಬಾಗಿಲು ಬಡಿದರೂ ಬಾರದ ಮಾತು. 'ಎತ್ತಿದೆವು ಸಾರ್' ಅಂದರೆ ಮುಗಿಯಿತು. ನಾಲಗೆ ತುದಿಯಲ್ಲಿತ್ತು. ಕೆಂಚಮ್ಮ ಫೋನ್ ಕಿತ್ತುಕೊಂಡಳು.

"ಧರಣಿ ಅಲ್ಲ ಸಾಮಿ. ಊರು ನೋಡಕ್ ಬಂದಿವಿ. ಈಗ ದೋಸೆ ತಿಂತೀವಿ."

ಅನಂತರಾಜು ಸಿಡಿದ. "ಊರು ನೋಡಕ್ಕಾ? ಬೇಸಿನ್ ಆರ್ಸಿ ಶೋಕಿನಾ? ಮೂರು ಗಂಟೆ ಟ್ರೈನಿಗೆ ಬಂದ್ರೆ ಬಂದ್ರಿ. ಇಲ್ಲ, ನಾಳೆ ಯಾವಳೂ ಗೇಟ್ ಹತ್ರ ಸುಳೀಬ್ಯಾಡಿ."

ಧರಣಿ ಅಂದರೆ ಹೆದರುತ್ತಾನೆ. ನಗು ಅಂದರೆ ಉರಿಯುತ್ತಾನೆ.

ನನಗೂ ಉರಿಯಿತು. "ಗೆದ್ದಿದ್ದೆವು ಕಣಮ್ಮ. ಒಂದು ಗಳಿಗೆ ಸುಮ್ಮನಿದ್ದಿದ್ದರೆ!" ಎಂದು ಎಲ್ಲರ ಮುಂದೆ ರೇಗಿದೆ.

"ನಗ್ತಾ ಕೂತಿದ್ನ ಅಳ್ತಾ ಕೂತಿದ್ದೆ ಅಂತ ಯಾಕವ್ವ ಹೇಳ್ಲಿ?" ಅಂದಳು ಕೆಂಚಮ್ಮ. "ಅತ್ರೇ ರಜಾ ಕೊಡೋದು ಅಂತ ಅವ್ನಿಗೆ ನಾವೇ ಕಲ್ಸಿವಿ. ಇನ್ನೆಷ್ಟ್ ವರ್ಷ ಅಳೋದು?"

ಕೈ ಎತ್ತಿಸಿದೆ: ಮೂರು ಗಂಟೆ ಟ್ರೈನೋ, ಕಬ್ಬನ್ ಪಾರ್ಕೋ? ಟ್ರೈನಿಗೆ ಒಂದೂ ಕೈ ಇಲ್ಲ. ಆಯಿಷಾ ಎರಡೂ ಕೈ ಎತ್ತಿ ಕಬ್ಬನ್ ಪಾರ್ಕ್ ಅಂದಳು. ಅದೇ ಹೊತ್ತಿಗೆ ಹೋಟೆಲಿನವನು ಕೂಗಿದ — "ಕೆಂಚಮ್ಮ, ಹನ್ನೊಂದು ಜನ!"

ಸಂಜೆ 4.30, ಕಬ್ಬನ್ ಪಾರ್ಕ್

ದೋಸೆ ಗರಿಗರಿ. ಪಲ್ಯದಲ್ಲಿ ಈರುಳ್ಳಿ ಜಾಸ್ತಿ. ಹೊರಗೆ ಮೂಗು ಮುಚ್ಚಿಸುವ ನಮ್ಮ ಬೆರಳನ್ನು ಇಲ್ಲಿ ನಾವೇ ನೆಕ್ಕಿದೆವು.

ವಿಧಾನಸೌಧವನ್ನು ಎದುರುಗಡೆ ಫುಟ್‌ಪಾತಿನಿಂದ ನೋಡಿದೆವು. ಯಾರೂ ಧಿಕ್ಕಾರ ಕೂಗಲಿಲ್ಲ. ನನಗೆ ಗಂಟಲು ಕೆರೆಯಿತು, ಸುಳ್ಳೇಕೆ. ಈಗ ಬಿದಿರು ಮೆಳೆಯ ಹತ್ತಿರ ಕೂತಿದ್ದೇವೆ, ಕೋನ್ ಐಸ್‌ಕ್ರೀಂ ಹಿಡಿದು. ನಾಯಿಗಳಿಗೂ ಇಲ್ಲಿ ಭಾನುವಾರ ಇದೆ — ಸ್ವೆಟರ್ ಹಾಕಿಸಿ ವಾಕಿಂಗ್ ಕರೆತರುತ್ತಾರೆ. ಕೆಂಚಮ್ಮ ಸೆರಗು ಹೊದ್ದು ಮಲಗಿಬಿಟ್ಟಿದ್ದಾಳೆ. ಹಗಲು ಹೊತ್ತಿನಲ್ಲಿ ಅವಳು ನಿದ್ದೆ ಮಾಡಿದ್ದು ನಾನು ಕಂಡಿಲ್ಲ. ಎಬ್ಬಿಸುವುದಿಲ್ಲ. ಏನಾಗುತ್ತದೋ ನಾಳೆ ಆಗಲಿ.

ನವೆಂಬರ್ 17, ಸೋಮವಾರ. ಬೆಳಿಗ್ಗೆ 6.30

ಗೇಟಿಗೆ ಬೀಗ.

ನವೆಂಬರ್ 20, ಗುರುವಾರ. ಮಧ್ಯಾಹ್ನ 2

ಮೂರು ದಿನ ಬರೆಯಲು ಕೂತಿಲ್ಲ. ಗೇಟಿನ ಮುಂದೆ ಕೂತಿದ್ದೆವು.

ಮೊದಲ ದಿನ ಹನ್ನೊಂದು. ಎರಡನೇ ದಿನ ಪಕ್ಕದ ಫಿಲೇಚರುಗಳ ಹೆಂಗಸರು ಸೇರಿದರು. ನಾನು ಭಾಷಣ ತಯಾರಿಸಿಕೊಂಡಿದ್ದೆ. ಯಾರಿಗೂ ಬೇಕಾಗಲಿಲ್ಲ. ಎಲ್ಲರೂ ವಿಡಿಯೋ ನೋಡಿದ್ದರು. ಸಾನಾ ಎಂಬುವಳು ಕೇಳಿದ್ದು ಒಂದೇ: "ಅಕ್ಕಾ, ಮುಂದಿನ್ ಸಲ ಯಾವಾಗ? ನಮ್ಮನ್ನೂ ಬರ್ಕೊಳ್ಳಿ." ನಿನ್ನೆಗೆ ಮೂವತ್ತೇಳು ಜನ. ಹತ್ತು ಬೇಡಿಕೆ ಅಚ್ಚು ಹಾಕಿಸಿ ಹಂಚಿದಾಗಲೂ ಇಷ್ಟು ಜನ ಬಂದಿರಲಿಲ್ಲ. ಬರೆದಿಟ್ಟುಕೋ ಗಂಗಲಕ್ಷ್ಮಮ್ಮ.

ಒಳಗೆ ಗೂಡಿನ ರಾಶಿ. ಅದು ಯಾವ ಮಾಲೀಕನಿಗೂ ಕಾಯುವುದಿಲ್ಲ. ಚಿಟ್ಟೆ ತೂತು ಮಾಡಿ ಹೊರಬಂದರೆ ನೂಲಿಲ್ಲ. ಇವತ್ತು ಬೆಳಿಗ್ಗೆ ಅನಂತರಾಜು ತಾನೇ ಬಂದು ಬೀಗ ತೆಗೆದ. ಕೈಯಲ್ಲಿ ಒಂದು ಕಾಗದ. "ಮಾಲೀಕರೇ ನಮ್ಮನ್ನು ಟೂರಿಗೆ ಕಳಿಸಿದ್ದರು ಅಂತ ಸೈನ್ ಹಾಕ್ಬುಡಿ. ಅಲ್ಲಿಗಲ್ಲಿಗೆ ಆಯ್ತು."

ಕೆಂಚಮ್ಮ ಕಾಗದ ತಿರುಗಿಸಿದಳು. ಹಿಂಬದಿ ಖಾಲಿ. "ಇಲ್ಲಿ ಬರ್ದ್ ಕೊಡಿ ಸಾಮಿ, ವಾರಕ್ಕೊಂದ್ ರಜಾ ಅಂತ. ಆಮೇಕೆ ಮುಂದ್ಗಡೆ ನೋಡಾಣ."

ಬರೆಯಲಿಲ್ಲ. ಹರಿಯಲೂ ಇಲ್ಲ. ಮಡಚಿ ಜೇಬಿಗಿಟ್ಟುಕೊಂಡ. "ಸಭೆ ಕರೀರಿ. ಬತ್ತೀನಿ" ಅಂದ. ಒಲೆ ಹೊತ್ತಿದೆ. ಕೆಲಸಕ್ಕೆ ಕೂತಿದ್ದೇವೆ, ಶನಿವಾರದ ತನಕ ಮಾತ್ರ.

ಸಭೆಯಲ್ಲಿ ಬರೆದು ಕೊಟ್ಟರೆ ಸರಿ. ಕೊಡದಿದ್ದರೆ ಮೂವತ್ತೇಳು ಟಿಕೆಟ್, ಮತ್ತೆ ಟ್ರೈನು. ಮ್ಯೂಸಿಯಂ ಬಾಕಿ ಇದೆ, ಗಾಂಧಿಬಜಾರಿನ ತಿಂಡಿ ಬಾಕಿ ಇದೆ. ಬೇಸಿನ್ ಕರೆಯುತ್ತಿದೆ, ಹೋಗಬೇಕು.

ಸಭೆ — ನವೆಂಬರ್ 23, ಭಾನುವಾರ. ಸಂಜೆ 4 ಗಂಟೆ. ಎಲ್ಲರೂ ಬರಬೇಕು, ಅನಂತರಾಜೂ.